ಪಕ್ಕವಾದ್ಯದ ಸಾಫ್ಟ್‌ವೇರ್ ಕೈಕೊಟ್ಟಾಗ: ಒಂದೊಂದೇ ಟ್ರ್ಯಾಕ್ ಹಿಡಿದು ದೋಷ ಹುಡುಕುವುದು

ಮನೆಯಲ್ಲೇ ಕೂತು ಹಾಡಿಗೆ ಪಿಯಾನೋ, ಬೇಸ್, ಗಿಟಾರ್, ಡ್ರಮ್ಸ್ ಕೂಡಿಸಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಭಾವಗೀತೆ ಹಾಡುವವರು, ಕೀಬೋರ್ಡ್ ಕಲಿಸುವವರು, ಶಾಲೆಯ ವಾರ್ಷಿಕೋತ್ಸವಕ್ಕೆ ಟ್ರ್ಯಾಕ್ ಮಾಡಿಕೊಡುವವರು. ಇಲ್ಲಿ ಉದಾಹರಣೆಗೆ ಹಿಡಿದಿರುವುದು ಬ್ಯಾಂಡ್-ಇನ್-ಎ-ಬಾಕ್ಸ್. ಕೆನಡಾದ ಪಿಜಿ ಮ್ಯೂಸಿಕ್ 1990ರಲ್ಲಿ ತಂದದ್ದು. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರು ಟೈಪ್ ಮಾಡಿ ಒಂದು ಸ್ಟೈಲ್, ಅಂದರೆ ನುಡಿಸುವ ಶೈಲಿ, ಆರಿಸಿದರೆ ಸಾಕು, ಪಕ್ಕವಾದ್ಯವನ್ನು ಅದೇ ಕಟ್ಟಿಕೊಡುತ್ತದೆ. ನೀವು ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೂ ಮೆನುವಿನ ಹೆಸರು ಬದಲಾಗಬಹುದು, ಹುಡುಕುವ ದಾರಿ ಇದೇ.

ಒಂದು ವಾದ್ಯ ಇದ್ದಾಗ ತೊಂದರೆ ಕಡಿಮೆ. ಐದಾರು ಸೇರಿದಾಗ ಯಾವುದು ತಪ್ಪುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೆ ಯಾವ ದೋಷ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಟ್ರ್ಯಾಕ್‌ನಲ್ಲಿ ಇರುವುದು ಸದ್ದೋ, ಬರೀ ಸೂಚನೆಯೋ?

ಮಿಡಿ ಟ್ರ್ಯಾಕ್‌ನಲ್ಲಿ ಸದ್ದು ಇರುವುದೇ ಇಲ್ಲ. ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ ಎನ್ನುವ ಸೂಚನೆ ಮಾತ್ರ ಇರುತ್ತದೆ. ಅದನ್ನು ಓದಿ ನುಡಿಸುವುದು ಕಂಪ್ಯೂಟರ್ ಒಳಗಿನ ಸಿಂತ್ (ಸದ್ದು ಹುಟ್ಟಿಸುವ ಸಾಫ್ಟ್‌ವೇರ್) ಅಥವಾ ಹೊರಗಿನ ಕೀಬೋರ್ಡ್. ಆಡಿಯೊ ಟ್ರ್ಯಾಕ್‌ನಲ್ಲಿ ಇರುವುದು ಯಾರೋ ನಿಜವಾಗಿ ನುಡಿಸಿದ ರೆಕಾರ್ಡಿಂಗ್. ಬ್ಯಾಂಡ್-ಇನ್-ಎ-ಬಾಕ್ಸ್‌ನಲ್ಲಿ ಇಂಥವಕ್ಕೆ ರಿಯಲ್‌ಟ್ರ್ಯಾಕ್ಸ್ ಅನ್ನುತ್ತಾರೆ. ವಾದ್ಯದ ಹೆಸರಿನ ಬಣ್ಣ ನೋಡಿದರೆ ತಿಳಿಯುತ್ತದೆ: ಹಳದಿ ಅಂದರೆ ಮಿಡಿ, ಹಸಿರು ಅಂದರೆ ರಿಯಲ್‌ಟ್ರ್ಯಾಕ್ಸ್. ಮುಂದಿನ ಅರ್ಧಕ್ಕರ್ಧ ಉತ್ತರಗಳು ಈ ಬಣ್ಣದಿಂದಲೇ ಬರುತ್ತವೆ.

## ಕೈ ಹಾಕುವ ಮುಂಚೆ

ಹಾಡನ್ನು ಬೇರೆ ಹೆಸರಲ್ಲಿ ಉಳಿಸಿ, ಆ ನಕಲಿನ ಮೇಲೆ ಮಾತ್ರ ಪ್ರಯೋಗ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದಿರೋ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮತ್ತೆ ಕೆಟ್ಟಾಗ ಮೊದಲಿನಿಂದ ಶುರು.

ಹೆಡ್‌ಫೋನ್ ಕಿವಿಯಿಂದ ಇಳಿಸಿ ಕುತ್ತಿಗೆಗೆ ಹಾಕಿಕೊಳ್ಳಿ. ಸದ್ದು ಬರ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋಗಿ, ಆಮೇಲೆ ಎಲ್ಲೋ ಸಿಕ್ಕ ಮ್ಯೂಟ್ ತೆಗೆದರೆ ಪೂರ್ತಿ ಸದ್ದು ಒಮ್ಮೆಗೇ ಕಿವಿಗೆ ಬಡಿಯುತ್ತದೆ. ಕೆಲಸದ ಜಾಗದ ಸದ್ದಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಬರುವಷ್ಟರಲ್ಲಿ ಉಳಿಯುವುದು ಒಂದೇ ಗಂಟೆ. ಹುಡುಕಾಟ ಇಡೀ ಸಂಜೆ ಎಳೆಯಬಹುದು, ಕಿವಿ ಮೇಲೆ ಕರುಣೆ ಇರಲಿ.

ಕೊನೆಯದಾಗಿ, ಸಾಫ್ಟ್‌ವೇರ್ ಜೊತೆಗೇ ಬಂದ ಒಂದು ಡೆಮೊ ಹಾಡು ನುಡಿಸಿ ನೋಡಿ. ಅದು ಸರಿಯಾಗಿ ಕೇಳಿದರೆ ದೋಷ ನಿಮ್ಮ ಹಾಡಿನಲ್ಲಿದೆ. ಅದೂ ಕೆಟ್ಟಿದ್ದರೆ ದೋಷ ಸಾಫ್ಟ್‌ವೇರ್‌ನಲ್ಲೋ ಕಂಪ್ಯೂಟರ್‌ನಲ್ಲೋ ಇದೆ. ಎರಡೇ ನಿಮಿಷದ ಕೆಲಸ, ಆದರೂ ಹೆಚ್ಚಿನವರು ಮಾಡುವುದೇ ಇಲ್ಲ.

## ಯಾವ ವಾದ್ಯವೂ ಕೇಳಿಸುತ್ತಿಲ್ಲ

ಬೇರೆ ಯಾವುದಾದರೂ ವಿಡಿಯೊ ಹಾಕಿ ನೋಡಿ. ಅದರ ಸದ್ದೂ ಬರದಿದ್ದರೆ ಕೇಬಲ್, ಸ್ಪೀಕರ್ ಸ್ವಿಚ್, ಕಂಪ್ಯೂಟರಿನ ಸದ್ದು ಯಾವ ಕಡೆ ಹೋಗುತ್ತಿದೆ ಎನ್ನುವುದನ್ನು ನೋಡಿಕೊಳ್ಳಿ. ಟಿವಿಗೆ ಜೋಡಿಸಿದ ಲ್ಯಾಪ್‌ಟಾಪ್ ಸದ್ದನ್ನೂ ಟಿವಿಗೇ ಕಳಿಸುತ್ತಿರುತ್ತದೆ.

ವಿಡಿಯೊ ಕೇಳಿಸಿ ಸಾಫ್ಟ್‌ವೇರ್ ಮಾತ್ರ ಸುಮ್ಮನಿದ್ದರೆ ಮಿಕ್ಸರ್‌ನ ಮೀಟರ್ ಕುಣಿಯುತ್ತಿದೆಯಾ ನೋಡಿ. ಕುಣಿಯುತ್ತಿದ್ದರೆ ಸದ್ದು ಹುಟ್ಟುತ್ತಿದೆ, ಹೊರಗೆ ಬರುವ ದಾರಿ ತಪ್ಪಿದೆ. ಆಡಿಯೊ ಡ್ರೈವರ್ ಆಯ್ಕೆಗೆ ಹೋಗಿ ಸರಿಯಾದ ಸಾಧನ ಆರಿಸಿ. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕು, ಸ್ಪೀಕರ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕಿತ್ತು ಬೇರೆ ಕಿಂಡಿಗೆ ಹಾಕಿದಾಗ ಹೀಗೆ ಆಗುವುದು ಜಾಸ್ತಿ.

## ಒಂದೇ ವಾದ್ಯ ಮೌನ, ಉಳಿದವು ಚೆನ್ನಾಗಿವೆ

ಎಲ್ಲಕ್ಕಿಂತ ಹೆಚ್ಚು ಕಾಣಿಸುವ ದೂರು ಇದು. ಕಾರಣಗಳೂ ಅಷ್ಟೇ ಬಗೆಯವು.

ಮೊದಲು ಎಂ ಮತ್ತು ಎಸ್ ಗುಂಡಿಗಳು. ಎಂ ಒತ್ತಿದರೆ ಆ ಟ್ರ್ಯಾಕ್ ಮ್ಯೂಟ್ ಆಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ತಪ್ಪುವುದು ಎಸ್‌ನಲ್ಲಿ. ಯಾವುದೋ ಒಂದು ಟ್ರ್ಯಾಕ್ ಸೋಲೋ ಆಗಿದ್ದರೆ ಉಳಿದವೆಲ್ಲ ಸುಮ್ಮನಾಗುತ್ತವೆ. ಮೂರು ಟ್ರ್ಯಾಕ್‌ಗೆ ಸೋಲೋ ಹಾಕಿ ಮರೆತಿದ್ದರೆ ನಾಲ್ಕನೆಯದೊಂದೇ ಕೆಟ್ಟಂತೆ ಕಾಣುತ್ತದೆ. ಮಿಕ್ಸರ್ ಕಿಟಕಿ ಪೂರ್ತಿ ತೆರೆದು ಕೆಳಗಿನ ತನಕ ನೋಡಿ. ಪರದೆಯ ಅಂಚಿನ ಹೊರಗೆ ಉಳಿದ ಟ್ರ್ಯಾಕ್‌ನಲ್ಲಿ ಎಸ್ ಬೆಳಗುತ್ತಿರಬಹುದು.

ಎರಡನೆಯದು, ಆ ಸ್ಟೈಲ್‌ನಲ್ಲಿ ಆ ವಾದ್ಯ ಇದೆಯಾ? ಎಲ್ಲ ಸ್ಟೈಲ್‌ಗಳಲ್ಲೂ ಸ್ಟ್ರಿಂಗ್ಸ್ ಇರುವುದಿಲ್ಲ, ಗಿಟಾರ್ ಇರುವುದಿಲ್ಲ. ಟ್ರ್ಯಾಕ್ ಖಾಲಿ ಇದ್ದರೆ ಅದು ದೋಷವಲ್ಲ. ಸ್ಟೈಲ್ ಬದಲಿಸಿ, ಅಥವಾ ಆ ಟ್ರ್ಯಾಕ್‌ಗೆ ನೀವೇ ಒಂದು ವಾದ್ಯ ಕೊಡಿ.

ಮೂರನೆಯದು ನನಗೆ ತುಂಬಾ ಇಷ್ಟವಾದ ಕಳ್ಳ. ವಾದ್ಯ ಹಾಡಿಡೀ ನುಡಿಯುತ್ತದೆ, ಒಂದು ಜಾಗದಲ್ಲಿ ಮಾತ್ರ ಮಾಯ. ಆ ಬಾರ್‌ನ (ಬಾರ್ ಅಂದರೆ ಮಾತ್ರೆಗಳ ಒಂದು ಗುಂಪು) ಕಾರ್ಡನ್ನು ಕಣ್ಣು ಹತ್ತಿರ ತಂದು ನೋಡಿ. ಪಕ್ಕದಲ್ಲಿ ಚುಕ್ಕೆ ಇದೆಯಾ? ಬ್ಯಾಂಡ್-ಇನ್-ಎ-ಬಾಕ್ಸ್‌ನಲ್ಲಿ ಕಾರ್ಡಿನ ಹೆಸರಿನ ಕೊನೆಗೆ ಒಂದು ಚುಕ್ಕೆ ಇಟ್ಟರೆ ವಿರಾಮ, ಎರಡು ಚುಕ್ಕೆಗೆ ಒಂದು ಹೊಡೆತ ಕೊಟ್ಟು ನಿಲ್ಲುತ್ತದೆ, ಮೂರು ಚುಕ್ಕೆಗೆ ಕಾರ್ಡನ್ನು ಹಿಡಿದುಕೊಂಡಿರುತ್ತದೆ. ಚುಕ್ಕೆ ಆದಮೇಲೆ ಬಿ, ಡಿ ಅಕ್ಷರಗಳಿದ್ದರೆ ಬೇಸ್ ಮತ್ತು ಡ್ರಮ್ಸ್ ಮಾತ್ರ ಮುಂದುವರಿಯುತ್ತವೆ, ಉಳಿದವು ನಿಲ್ಲುತ್ತವೆ. ಹಾಡು ಬೇರೆಯವರಿಂದ ಬಂದಿದ್ದರೆ ಅಥವಾ ಬೆರಳು ಜಾರಿ ಒಂದು ಚುಕ್ಕೆ ಬಿದ್ದಿದ್ದರೆ, ಪಿಯಾನೋ ಒಂದು ಬಾರ್ ಕಾಣೆಯಾಗಿ ಮತ್ತೆ ಬರುತ್ತದೆ. ಚಿಕ್ಕ ಅಕ್ಷರದ ಪರದೆಯಲ್ಲಿ ಆ ಚುಕ್ಕೆ ಕಾಣುವುದೇ ಕಷ್ಟ. ಚುಕ್ಕೆ ಇಲ್ಲದಿದ್ದರೆ ಅದೇ ಬಾರ್ ಮೇಲೆ ಕರ್ಸರ್ ಇಟ್ಟು ಎಫ್5 ಒತ್ತಿ. ಆ ಬಾರ್‌ಗೆ ಮಾತ್ರ ಅನ್ವಯಿಸುವ ಮ್ಯೂಟ್, ವಾಲ್ಯೂಮ್ ಬದಲಾವಣೆ, ವಾದ್ಯದ ಬದಲಾವಣೆ ಅಲ್ಲಿರುತ್ತವೆ.

ಇಷ್ಟರಲ್ಲೂ ಸಿಗದಿದ್ದರೆ ಬಣ್ಣಕ್ಕೆ ಬನ್ನಿ.

ಮೌನವಾಗಿರುವುದೆಲ್ಲ ಹಸಿರು ಹೆಸರಿನ ವಾದ್ಯಗಳೇ? ಹಾಗಿದ್ದರೆ ರೆಕಾರ್ಡಿಂಗ್‌ಗಳ ಫೋಲ್ಡರ್ ಸಾಫ್ಟ್‌ವೇರ್‌ಗೆ ಸಿಗುತ್ತಿಲ್ಲ. ದೊಡ್ಡ ಸಂಗ್ರಹವನ್ನು ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡವರಿಗೆ ಇದು ಗ್ಯಾರಂಟಿ ಒಂದಲ್ಲ ಒಂದು ದಿನ ಬರುವ ತೊಂದರೆ. ನಿನ್ನೆ ಡಿಸ್ಕ್ ಇ ಅಕ್ಷರದಲ್ಲಿ ತೆರೆದಿತ್ತು, ಇವತ್ತು ಪೆನ್ ಡ್ರೈವ್ ಮೊದಲೇ ಚುಚ್ಚಿದ್ದರಿಂದ ಎಫ್ ಆಯಿತು. ಪೆನ್ ಡ್ರೈವ್ ತೆಗೆದು, ಡಿಸ್ಕ್ ಮತ್ತೆ ಹಾಕಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಪ್ರಿಫರೆನ್ಸಸ್‌ನಲ್ಲಿ ರಿಯಲ್‌ಟ್ರ್ಯಾಕ್ಸ್ ಫೋಲ್ಡರ್ ಎಲ್ಲಿದೆ ಎಂದು ತೋರಿಸುವ ಜಾಗವೂ ಇದೆ. ಒಂದೆರಡು ವಾದ್ಯ ಮಾತ್ರ ಇಲ್ಲ ಅಂದರೆ ಅವು ನೀವು ಕೊಂಡ ಪ್ಯಾಕೇಜ್‌ನಲ್ಲೇ ಇಲ್ಲದಿರಬಹುದು. ಸ್ಟೈಲ್ ಪಟ್ಟಿಯಲ್ಲಿ ಅಂಥವಕ್ಕೆ ಸಿಗುವುದಿಲ್ಲ ಎನ್ನುವ ಗುರುತು ಇರುತ್ತದೆ.

ಮೌನವಾಗಿರುವುದೆಲ್ಲ ಹಳದಿಯೇ? ಸಿಂತ್ ಕಡೆ ನೋಡಿ. ಸಾಫ್ಟ್‌ವೇರ್ ಜೊತೆ ಬರುವ ಕೊಯೋಟಿ ಡಬ್ಲ್ಯುಟಿ ಸಿಂತ್ ಆರಿಸಿ ಪರೀಕ್ಷಿಸಿ. ಸದ್ದು ಬಂದರೆ ನಿಮ್ಮ ಬೇರೆ ಸಿಂತ್ ಕೆಟ್ಟಿದೆ ಅಥವಾ ಅದರ ದಾರಿ ಮುಚ್ಚಿದೆ. ಸದ್ದು ಹೊರಗಿನ ಕೀಬೋರ್ಡಿನಿಂದ ಬರಬೇಕಿದ್ದರೆ, ಆ ಕೀಬೋರ್ಡ್ ಚಾನೆಲ್ 1 (ಚಾನೆಲ್ ಅಂದರೆ ಮಿಡಿ ಸೂಚನೆ ಹೋಗುವ ದಾರಿ) ಮಾತ್ರ ಕೇಳುತ್ತಿದೆಯಾ ನೋಡಿ. ಬ್ಯಾಂಡ್-ಇನ್-ಎ-ಬಾಕ್ಸ್ ಬೇಸನ್ನು ಸಾಮಾನ್ಯವಾಗಿ ಚಾನೆಲ್ 2ರಲ್ಲಿ, ಪಿಯಾನೋವನ್ನು 3ರಲ್ಲಿ, ಡ್ರಮ್ಸನ್ನು 10ರಲ್ಲಿ ಕಳಿಸುತ್ತದೆ. ಕೀಬೋರ್ಡ್ ಎಲ್ಲ 16 ಚಾನೆಲ್‌ಗಳಿಗೂ ಕಿವಿ ಕೊಡುವ ಸ್ಥಿತಿಯಲ್ಲಿ ಇರಬೇಕು.

## ಫೇಡರ್ ಪೂರ್ತಿ ಮೇಲಿದೆ, ಸದ್ದು ಮಾತ್ರ ಸಣ್ಣ

ಹೊರಗಿನಿಂದ ತಂದ ಮಿಡಿ ಫೈಲ್ ಸೇರಿಸಿಕೊಂಡಾಗ ಇದು ಬರುತ್ತದೆ. ಮಿಡಿಯಲ್ಲಿ ಸದ್ದಿನ ಮಟ್ಟಕ್ಕೆ ಎರಡು ಕೀಲಿ. ಕಂಟ್ರೋಲರ್ 7 ಟ್ರ್ಯಾಕ್‌ನ ವಾಲ್ಯೂಮ್, ಕಂಟ್ರೋಲರ್ 11 ಅದರ ಒಳಗಿನ ಏರಿಳಿತ. ಫೇಡರ್, ಅಂದರೆ ಮಿಕ್ಸರ್‌ನ ವಾಲ್ಯೂಮ್ ಜಾರುಗುಂಡಿ, ಆಡಿಸುವುದು 7ನ್ನು. ಹಾಡು ಕೊನೆಯಲ್ಲಿ ನಿಧಾನಕ್ಕೆ ಕರಗುವಂತೆ ಮಾಡಿದವರು 11ನ್ನು ಸೊನ್ನೆಗೆ ಇಳಿಸಿರುತ್ತಾರೆ, ಅದು ಅಲ್ಲೇ ಉಳಿದುಬಿಡುತ್ತದೆ. ಲಕ್ಷಣ ಸ್ಪಷ್ಟ: ಮೊದಲ ಸಲ ಹಾಡು ಚೆನ್ನಾಗಿ ಕೇಳಿಸುತ್ತದೆ, ಎರಡನೇ ಸಲ ಆ ವಾದ್ಯ ಇಲ್ಲ.

ರೀಸೆಟ್ ಆಲ್ ಕಂಟ್ರೋಲರ್ಸ್ ಸೂಚನೆ, ಅಂದರೆ ಕಂಟ್ರೋಲರ್ 121, 11ನ್ನು ಮತ್ತೆ ಮೇಲಕ್ಕೆ ತರುತ್ತದೆ. 7ನ್ನು ಅದು ಮುಟ್ಟುವುದಿಲ್ಲ. ಶಾಶ್ವತ ಪರಿಹಾರ ಬೇಕಾದರೆ ಹಾಡಿನ ಮೊದಲ ಬಾರ್‌ನಲ್ಲೇ 11ಕ್ಕೆ 127 ಬರೆದುಬಿಡಿ.

## ಕೊಳಲು ಕೇಳಿದರೆ ಬೇರೇನೋ ಬರುತ್ತದೆ

1991ರಲ್ಲಿ ಬಂದ ಜನರಲ್ ಮಿಡಿ ಪಟ್ಟಿಯಲ್ಲಿ 128 ವಾದ್ಯಗಳಿಗೆ ನಂಬರ್ ಕೊಟ್ಟಿದ್ದಾರೆ. ಕೊಳಲು 74, ಪಿಟೀಲು 41, ಸಿತಾರ್ 105, ಶಹನಾಯಿ 112. ಕೆಲವು ಸಾಫ್ಟ್‌ವೇರ್‌ಗಳು 1ರಿಂದ ಎಣಿಸುತ್ತವೆ, ಕೆಲವು 0ಯಿಂದ. ಹಾಗಾಗಿ ಕೊಳಲು ಕೇಳಿದವರಿಗೆ ಪಕ್ಕದ ಮನೆಯ ಪಿಕಲೋ ಅಥವಾ ರೆಕಾರ್ಡರ್ ಎನ್ನುವ ಊದುವ ವಾದ್ಯ ಬರುತ್ತದೆ. ವಾದ್ಯ ಪಕ್ಕದ್ದೇ ಆಗಿದ್ದರೆ ನಂಬರನ್ನು ಒಂದು ಮೇಲೆ ಅಥವಾ ಕೆಳಗೆ ಮಾಡಿ, ಮುಗಿಯಿತು.

ಸ ರಿ ಗ ಒತ್ತಿದರೆ ಡಬ್, ಟಕ್, ಟಿಶ್ ಅಂತ ಬಂದರೆ ಆ ಟ್ರ್ಯಾಕ್ ಚಾನೆಲ್ 10ಕ್ಕೆ ಹೋಗಿದೆ. ಅದು ತಾಳವಾದ್ಯದ ಚಾನೆಲ್, ಅಲ್ಲಿ ಪ್ರತಿ ಕೀಲಿಯೂ ಒಂದೊಂದು ಡ್ರಮ್. ಬೇರೆ ಚಾನೆಲ್ ಕೊಡಿ. ಎರಡು ಟ್ರ್ಯಾಕ್‌ಗಳು ಒಂದೇ ಚಾನೆಲ್ ಹಂಚಿಕೊಂಡಿದ್ದರೆ ಪಿಟೀಲು ನಡುವೆ ಪಿಯಾನೋ ಆಗುತ್ತದೆ. ಯಾಕಂದರೆ ಒಂದು ಚಾನೆಲ್‌ಗೆ ಒಂದು ಸಲಕ್ಕೆ ಒಂದೇ ವಾದ್ಯ, ಕೊನೆಗೆ ಬಂದ ಸೂಚನೆಯೇ ಗೆಲ್ಲುತ್ತದೆ.

ಅಂದಹಾಗೆ ಆ 128ರಲ್ಲಿ ತಬಲಾ ಇಲ್ಲ, ಮೃದಂಗ ಇಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲ. ತಬಲಾ ಬೇಕಾದವರು ಬೇರೆ ಸ್ಯಾಂಪಲ್ ಸಂಗ್ರಹ ಅಥವಾ ಆಡಿಯೊ ಲೂಪ್ (ಮತ್ತೆ ಮತ್ತೆ ನುಡಿಯುವ ಚಿಕ್ಕ ರೆಕಾರ್ಡಿಂಗ್) ತರಬೇಕು. ಅಲ್ಲಿಂದಲೇ ಮುಂದಿನ ತೊಂದರೆ ಶುರುವಾಗುತ್ತದೆ.

## ವಾದ್ಯಗಳು ತಾಳಕ್ಕೆ ಕೂಡುತ್ತಿಲ್ಲ

ಇದಕ್ಕೆ ಕಿವಿಯೇ ಒಳ್ಳೆಯ ಉಪಕರಣ. ಡ್ರಮ್ಸ್ ಮತ್ತು ತಪ್ಪುತ್ತಿರುವ ವಾದ್ಯ, ಇವೆರಡನ್ನೇ ಸೋಲೋ ಮಾಡಿ. ಮೊದಲ ಬಾರ್ ಕೇಳಿ. ಆಮೇಲೆ ಹಾಡಿನ ಕೊನೆಯ ಹತ್ತಿರದ ಒಂದು ಬಾರ್ ಕೇಳಿ. ಹಿಂದೆ ಬೀಳುವ ಅಂತರ ಎರಡೂ ಕಡೆ ಒಂದೇ ಇದೆಯಾ, ಬೆಳೆಯುತ್ತಾ ಹೋಗಿದೆಯಾ?

ಅಂತರ ಮೊದಲಿನಿಂದ ಕೊನೆತನಕ ಅಷ್ಟೇ ಇದ್ದರೆ ಅದು ಸದ್ದು ಹೊರಡುವುದರಲ್ಲಿನ ತಡ. ಹಸಿರು ಟ್ರ್ಯಾಕ್‌ಗಳು ಒಂದು ದಾರಿಯಲ್ಲಿ, ಹಳದಿ ಟ್ರ್ಯಾಕ್‌ಗಳು ಇನ್ನೊಂದು ದಾರಿಯಲ್ಲಿ ಹೊರಬರುತ್ತಿವೆ. ವಿಂಡೋಸ್ ಜೊತೆ ಬರುವ ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂತ್ ತಡಕ್ಕೆ ಹೆಸರುವಾಸಿ. ಸಾಫ್ಟ್‌ವೇರ್ ಒಳಗೇ ಕೂರುವ ಸಿಂತ್ ಆರಿಸಿದರೆ ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ, ಅಂತರ ಹೋಗುತ್ತದೆ.

ಬ್ಲೂಟೂತ್ ಹೆಡ್‌ಫೋನನ್ನು ಇದಕ್ಕೆ ಬೈಯುವುದು ಸರಿಯಲ್ಲ. ಅದು ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಸಮ ತಡ ಮಾಡುತ್ತದೆ, ವಾದ್ಯ ವಾದ್ಯಗಳ ನಡುವೆ ಜಗಳ ಹಚ್ಚುವುದಿಲ್ಲ. ಆದರೆ ನೀವು ಜೊತೆಗೆ ಕೀಬೋರ್ಡ್ ನುಡಿಸಲು ಹೊರಟರೆ ಆಗ ನಿಜವಾಗಿ ಕಾಡುತ್ತದೆ. ತಡ 100 ಮಿಲಿಸೆಕೆಂಡಿಗೂ ಜಾಸ್ತಿ ಇರಬಹುದು. ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ, ತಡ ಕಡಿಮೆ ಮಾಡುವ ಆಸಿಯೋ ಡ್ರೈವರ್ ಆರಿಸಿ, ಬಫರ್ (ಕಂಪ್ಯೂಟರ್ ಸದ್ದನ್ನು ಮೊದಲೇ ಕೂಡಿಟ್ಟುಕೊಳ್ಳುವ ಜಾಗ) ಇಳಿಸಿ. 44.1 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ಗಳ ಬಫರ್ ಅಂದರೆ 11.6 ಮಿಲಿಸೆಕೆಂಡ್ ತಡ. ಅಷ್ಟು ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು ನಾಲ್ಕು ಮೀಟರ್ ಹೋಗುತ್ತದೆ. ವೇದಿಕೆಯ ಆ ತುದಿಯಲ್ಲಿ ಕೂತ ಮೃದಂಗದವರ ಜೊತೆ ಹಾಡಿದಷ್ಟೇ ತಡ ಅದು, ಅಭ್ಯಾಸವಾದರೆ ಹೊಂದಿಕೊಳ್ಳಬಹುದು.

ಅಂತರ ಬೆಳೆಯುತ್ತಾ ಹೋದರೆ ಅದು ಕಾಲಪ್ರಮಾಣದ ತಪ್ಪು. ಹೊರಗಿನಿಂದ ತಂದ ತಬಲಾ ಲೂಪ್ ನಿಮಿಷಕ್ಕೆ 78 ಮಾತ್ರೆಯದು, ಹಾಡು 80ಕ್ಕೆ ಇದೆ ಅಂತಿಟ್ಟುಕೊಳ್ಳಿ. ಅರ್ಧ ನಿಮಿಷಕ್ಕೆ ಒಂದು ಮಾತ್ರೆ ಹಿಂದೆ ಬೀಳುತ್ತದೆ. ಪಲ್ಲವಿಯಲ್ಲಿ ಸುಮಾರಾಗಿ ಕೂತದ್ದು ಚರಣಕ್ಕೆ ಬರುವಷ್ಟರಲ್ಲಿ ಎತ್ತಲೋ ಹೋಗಿರುತ್ತದೆ. ಹಾಡಿನ ವೇಗವನ್ನೇ ಲೂಪಿನ ವೇಗಕ್ಕೆ ತರುವುದು ಸುಲಭದ ದಾರಿ. ಆಗುವುದಿಲ್ಲ ಅಂದರೆ ಲೂಪನ್ನು ಹಿಗ್ಗಿಸಿ ಅಥವಾ ಕುಗ್ಗಿಸಿ. ತುಂಬಾ ಎಳೆದರೆ ಬಾಯಾದ ಗುಂಯ್ ಎನ್ನುವ ನಾದ ನೀರಲ್ಲಿ ಮುಳುಗಿದ ಹಾಗೆ ಕೇಳುತ್ತದೆ. ರಿಯಲ್‌ಟ್ರ್ಯಾಕ್ಸ್‌ಗೂ ಇದೇ ಮಾತು. ಪ್ರತಿಯೊಂದಕ್ಕೂ ಅದು ರೆಕಾರ್ಡ್ ಆದ ಒಂದು ವೇಗ ಇರುತ್ತದೆ, ಅದರ ಹತ್ತಿರ ಇದ್ದಷ್ಟೂ ಚೆನ್ನ.

ಮೂರನೆಯ ಬಗೆಯೂ ಇದೆ. ವಾದ್ಯಗಳೆಲ್ಲ ಒಟ್ಟಿಗೇ ಇವೆ, ನಿಮ್ಮ ಹಾಡಿನ ಸಮ ಮಾತ್ರ ಅವುಗಳ ಒತ್ತಿನ ಜೊತೆ ಬರುವುದಿಲ್ಲ. ಇದು ಯಂತ್ರದ ದೋಷವಲ್ಲ. ಸ್ಟೈಲ್ ನಾಲ್ಕರ ಲೆಕ್ಕದ್ದು, ಹಾಡು ದಾದ್ರಾದ ಆರರದ್ದು. ಎರಡರ ಸಮ ಕೂಡುವುದು 12 ಮಾತ್ರೆಗೊಮ್ಮೆ. ಮಿಶ್ರಛಾಪಿನ ಏಳಾದರೆ 28ಕ್ಕೊಮ್ಮೆ. ಕೆಲವು ಸಲ ಸರಿ ಬಂದು ಕೆಲವು ಸಲ ತಪ್ಪುವುದಕ್ಕೆ ಕಾರಣ ಇದೇ. ದಾದ್ರಾಕ್ಕೂ ಕರ್ನಾಟಕ ಸಂಗೀತದ ರೂಪಕಕ್ಕೂ ವಾಲ್ಟ್ಜ್ ಸ್ಟೈಲ್ ಹಿಡಿದರೆ ಮೂರರ ಲೆಕ್ಕ ಹೊಂದುತ್ತದೆ. ಏಳಕ್ಕೆ ಎಫ್5ನಲ್ಲಿ ಬಾರ್‌ನ ಮಾತ್ರೆ ಬದಲಿಸಬಹುದು, ಆದರೆ ನಾಲ್ಕಕ್ಕೆ ಕಟ್ಟಿದ ನಡೆಯನ್ನು ಏಳಕ್ಕೆ ಕತ್ತರಿಸಿದರೆ ಮಿಶ್ರಛಾಪಿನ ನಡಿಗೆ ಬರುವುದಿಲ್ಲ. ಅಂಥ ಹಾಡಿಗೆ ಡ್ರಮ್ಸ್ ಮ್ಯೂಟ್ ಮಾಡಿ, ತಬಲಾವನ್ನು ಯಾರಾದರೂ ನುಡಿಸುವುದೇ ಮೇಲು ಅಂತ ನನ್ನ ಅಭಿಪ್ರಾಯ.

## ಶ್ರುತಿ ಸೇರುತ್ತಿಲ್ಲ

ಎಷ್ಟು ಸೇರುತ್ತಿಲ್ಲ ಎನ್ನುವುದೇ ಇಲ್ಲಿ ಸುಳಿವು.

ಪೂರ್ತಿ ಒಂದೆರಡು ಮನೆ ಆಚೀಚೆ ಇದ್ದರೆ ಕೀ, ಅಂದರೆ ಹಾಡಿನ ಶ್ರುತಿ, ಬದಲಿಸಿದ್ದರಲ್ಲಿ ತಪ್ಪಿದೆ. ಐದೂವರೆ ಮನೆಗೆ ಹಾಡುವವರು ಸಾಫ್ಟ್‌ವೇರ್‌ನಲ್ಲಿ ಜಿ ಶಾರ್ಪ್ ಅಥವಾ ಎ ಫ್ಲ್ಯಾಟ್ ಆರಿಸಬೇಕು, ಎರಡೂ ಒಂದೇ ಮನೆ. ಯಕ್ಷಗಾನದವರ ಲೆಕ್ಕದಲ್ಲಿ ಕಪ್ಪು ನಾಲ್ಕು. ಬ್ಯಾಂಡ್-ಇನ್-ಎ-ಬಾಕ್ಸ್‌ನ ಕೀ ಪಟ್ಟಿಯಲ್ಲಿ ಎರಡು ಸಾಲುಗಳಿವೆ. ಒಂದು ಹಾಡನ್ನೇ ಎತ್ತಿ ಹೊಸ ಕೀಗೆ ಇಡುತ್ತದೆ. ಇನ್ನೊಂದು ಹೆಸರು ಮಾತ್ರ ಬದಲಿಸುತ್ತದೆ, ಕಾರ್ಡ್‌ಗಳು ಇದ್ದಲ್ಲೇ ಇರುತ್ತವೆ. ಕೀ ಬದಲಾಗಿದೆ, ಸದ್ದು ಬದಲಾಗಿಲ್ಲ ಅಂದರೆ ಎರಡನೆಯದನ್ನು ಒತ್ತಿದ್ದೀರಿ. ಹಾಗೆಯೇ, ನೀವೇ ಹಾಡಿ ರೆಕಾರ್ಡ್ ಮಾಡಿದ ಆಡಿಯೊ ಕೀ ಜೊತೆ ತಾನಾಗಿ ಏರುತ್ತದೆ ಅಂದುಕೊಳ್ಳಬೇಡಿ. ಅದನ್ನು ಪ್ರತ್ಯೇಕ ನೋಡಿಕೊಳ್ಳಬೇಕು.

ಸುಮಾರು ಒಂದೂವರೆ ಸ್ವರಸ್ಥಾನ ಏರಿದೆ, ಜೊತೆಗೆ ಹಾಡು ಬೇಗ ಬೇಗ ಓಡುತ್ತಿದೆ ಅಂದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆದಿದೆ ಎನ್ನುವ ಸಂಖ್ಯೆ) ತಪ್ಪಿದೆ. 44.1 ಕಿಲೋಹರ್ಟ್ಸ್‌ನಲ್ಲಿ ಮಾಡಿದ ಫೈಲನ್ನು 48ರ ವೇಗದಲ್ಲಿ ಓಡಿಸಿದರೆ ಮೂರು ನಿಮಿಷದ ಹಾಡು 2 ನಿಮಿಷ 45 ಸೆಕೆಂಡಿಗೆ ಮುಗಿಯುತ್ತದೆ. ಗಡಿಯಾರ ಹಿಡಿದು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಸಾಫ್ಟ್‌ವೇರ್, ವಿಂಡೋಸ್, ಆಡಿಯೊ ಇಂಟರ್‌ಫೇಸ್, ಮೂರರಲ್ಲೂ ಒಂದೇ ಸಂಖ್ಯೆ ಇಡಿ.

ಚೂರೇ ಚೂರು ವ್ಯತ್ಯಾಸ ಇದ್ದು ಅಲೆ ಅಲೆಯಾಗಿ ಕೇಳಿದರೆ ಒಂದು ವಾದ್ಯದ ಎ ಸ್ವರ 440 ಹರ್ಟ್ಸ್‌ಗೆ, ಇನ್ನೊಂದರದು 442ಕ್ಕೆ ಇರಬಹುದು. ಆಗ ಆ ಎ ಸ್ವರ ಹಿಡಿದರೆ ಸೆಕೆಂಡಿಗೆ ಎರಡು ಸಲ ಅಲೆ ಏಳುತ್ತದೆ. ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗ್ ಸರಿಪಡಿಸಿ.

ಕೊನೆಯದು, ಎಲ್ಲ ಸರಿ ಇದ್ದರೂ ತಂಬೂರಿ ಹಾಕಿದ ತಕ್ಷಣ ಕಿರಿಕಿರಿ. ಷಡ್ಜ ಕೂಡುತ್ತದೆ, ಪಂಚಮವೂ ಹೆಚ್ಚು ಕಮ್ಮಿ ಕೂಡುತ್ತದೆ, ಗಾಂಧಾರ ಮಾತ್ರ ಚುಚ್ಚುತ್ತದೆ. ಇಲ್ಲಿ ಯಾವುದೂ ಕೆಟ್ಟಿಲ್ಲ. ತಂಬೂರಿಯ ನಾದದೊಳಗೆ ತಾನಾಗಿ ಏಳುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲಿದೆ (ಒಂದು ಸ್ವರಸ್ಥಾನಕ್ಕೆ 100 ಸೆಂಟ್). ಕೀಬೋರ್ಡಿನದು 400 ಸೆಂಟ್. 14 ಸೆಂಟ್ ವ್ಯತ್ಯಾಸ ಪಳಗಿದ ಕಿವಿಗೆ ಎದ್ದು ಕಾಣುತ್ತದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಅದಕ್ಕೇ ಅದು ತೊಂದರೆ ಕೊಡುವುದಿಲ್ಲ. ಟ್ಯೂನಿಂಗ್ ತಿರುಗಿಸಿದರೆ ಗಾಂಧಾರ ಸರಿಹೋಗಿ ಷಡ್ಜ ಕೆಡುತ್ತದೆ. ಬದಲಿಗೆ ಉದ್ದಕ್ಕೆ ಎಳೆಯುವ ಸ್ಟ್ರಿಂಗ್ಸ್ ಟ್ರ್ಯಾಕನ್ನು ಇಳಿಸಿ ಅಥವಾ ಮ್ಯೂಟ್ ಮಾಡಿ. ಮೀಟಿ ಬಿಡುವ ಗಿಟಾರ್ ಅಷ್ಟು ಚುಚ್ಚುವುದಿಲ್ಲ. ಮಿಡಿ ಸ್ಟೈಲ್ ಆದರೆ ಕಾರ್ಡಿನ ಹೆಸರಿನ ಕೊನೆಗೆ 5 ಹಾಕಿ ನೋಡಿ. ಗಾಂಧಾರ ಬಿಟ್ಟು ಸ ಪ ಮಾತ್ರ ಉಳಿಯುತ್ತದೆ. ತಂಬೂರಿಯೋ ಸ್ಟ್ರಿಂಗ್ಸೋ, ಒಂದನ್ನು ಆರಿಸಿಕೊಳ್ಳಿ ಅನ್ನುವುದು ನನ್ನ ಮಾತು.

## ಚಟಪಟ ಸದ್ದು, ತಡೆದು ತಡೆದು ಬರುವುದು

ಎಲ್ಲಿ ಬರುತ್ತದೆ ನೋಡಿ. ಜೋರಾದ ಜಾಗದಲ್ಲಿ ಮಾತ್ರ ಒಡೆದಂತೆ ಕೇಳಿದರೆ ಮಟ್ಟ ಮೀರಿದೆ. ಸಮ ಸದ್ದಿನ 8 ಟ್ರ್ಯಾಕ್‌ಗಳು ಸೇರಿದರೆ ಒಂದಕ್ಕಿಂತ ಸುಮಾರು 9 ಡೆಸಿಬೆಲ್ ಜಾಸ್ತಿ ಆಗುತ್ತದೆ. ಒಂದೊಂದೂ ಸರಿಯಾಗಿದ್ದು ಒಟ್ಟು ಸೇರಿದಾಗ ಕೆಂಪು ಮುಟ್ಟುವುದು ಹೀಗೆ. ಎಲ್ಲ ಫೇಡರ್‌ಗಳನ್ನೂ ಒಟ್ಟಿಗೆ ಇಳಿಸಿ, ಸ್ಪೀಕರ್ ವಾಲ್ಯೂಮ್ ಏರಿಸಿ.

ಎಲ್ಲೆಂದರಲ್ಲಿ ಬರುತ್ತಿದ್ದರೆ ಕಂಪ್ಯೂಟರ್‌ಗೆ ಏದುಸಿರು. ಬ್ರೌಸರ್ ಮುಚ್ಚಿ, ಬಫರನ್ನು 1024ಕ್ಕೆ ಏರಿಸಿ. ಸುಮ್ನೆ ಕೇಳುವಾಗ 23 ಮಿಲಿಸೆಕೆಂಡ್ ತಡ ಏನೂ ಅನ್ನಿಸುವುದಿಲ್ಲ. ಇದರ ಜೊತೆಗೆ ಹೊರಗಿನ ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಆ ಡಿಸ್ಕ್ ಸಾಯುತ್ತಿದೆ. ಮತ್ತೆ ಮತ್ತೆ ಹಾಡು ನುಡಿಸಿ ಪರೀಕ್ಷೆ ಮಾಡಬೇಡಿ. ನಿಮ್ಮ ಹಾಡುಗಳನ್ನು ಮೊದಲು ನಕಲು ಮಾಡಿಕೊಳ್ಳಿ, ಆಮೇಲೆ ತಿಳಿದವರ ಕೈಗೆ ಕೊಡಿ.

## ಸ್ವರ ನಿಲ್ಲುವುದೇ ಇಲ್ಲ

ಎಸ್ಕೇಪ್ ಒತ್ತಿ ಹಾಡು ನಿಲ್ಲಿಸಿದರೂ ಒಂದು ಸ್ವರ ಎಳೆಯುತ್ತಲೇ ಇದೆ. ಆಲ್ ನೋಟ್ಸ್ ಆಫ್ ಆಜ್ಞೆ ಕೊಡಿ. ಮತ್ತೆ ಮತ್ತೆ ಆಗುತ್ತಿದ್ದರೆ ಕಾಲಿನ ಪೆಡಲ್ ಕಿತ್ತು ನೋಡಿ. ಕೀಬೋರ್ಡ್ ಶುರು ಮಾಡುವಾಗ ಪೆಡಲ್ ಮೇಲೆ ಕಾಲಿಟ್ಟಿದ್ದರೆ ಕೆಲವು ಕೀಬೋರ್ಡ್‌ಗಳು ಮೇಲೆ ಕೆಳಗೆ ಅದಲು ಬದಲು ತಿಳಿದುಕೊಳ್ಳುತ್ತವೆ. ಆಫ್ ಮಾಡಿ, ಕಾಲು ತೆಗೆದು ಆನ್ ಮಾಡಿ. ಒಂದು ಕೀಲಿಗೆ ಎರಡು ಸಲ ಸದ್ದು ಬರುವುದಾದರೆ ಕೀಬೋರ್ಡ್ ತಾನೂ ನುಡಿಸುತ್ತಿದೆ, ಸಾಫ್ಟ್‌ವೇರ್ ಕೂಡ ಅದರ ಕೈಲಿ ನುಡಿಸುತ್ತಿದೆ. ಕೀಬೋರ್ಡಿನಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ.

## ನಿನ್ನೆ ಚೆನ್ನಾಗಿತ್ತು, ಇವತ್ತು ಬೇರೆ ಥರ ನುಡಿಸುತ್ತಿದೆ

ಇದು ಅದರ ಗುಣ. ಹೊಸದಾಗಿ ಜನರೇಟ್ ಮಾಡಿದಾಗಲೆಲ್ಲ ಪಕ್ಕವಾದ್ಯವನ್ನು ಮತ್ತೆ ಕಟ್ಟುತ್ತದೆ. ಒಂದು ವಾದ್ಯ ನುಡಿಸಿದ್ದು ಇಷ್ಟವಾದರೆ ಆ ಟ್ರ್ಯಾಕ್‌ನ ಫ್ರೀಜ್ ಗುಂಡಿ ಒತ್ತಿಬಿಡಿ, ಹಿಮದ ಹರಳಿನ ಚಿತ್ರ ಇರುವುದು. ಇದರ ಇನ್ನೊಂದು ಮುಖವೂ ಇದೆ. ಕಾರ್ಡ್ ಬದಲಿಸಿದರೂ ಒಂದು ವಾದ್ಯ ಹಳೆಯ ಕಾರ್ಡನ್ನೇ ಹಿಡಿದಿದೆ, ಉಳಿದವುಗಳ ಜೊತೆ ಅಪಸ್ವರ ಬರುತ್ತಿದೆ ಅಂದರೆ ಅದು ಫ್ರೀಜ್ ಆಗಿದೆ. ಬಿಡಿಸಿ, ಮತ್ತೆ ಜನರೇಟ್ ಮಾಡಿ.

## ಕೇಳುವಾಗ ಎಲ್ಲ ಇದೆ, ಫೈಲ್ ಮಾಡಿದಾಗ ಒಂದು ವಾದ್ಯ ಇಲ್ಲ

ಬಿಟ್ಟುಹೋದದ್ದು ಹಳದಿ ವಾದ್ಯವೇ? ಅದು ಹೊರಗಿನ ಕೀಬೋರ್ಡಿನಲ್ಲಿ ನುಡಿಯುತ್ತಿತ್ತಾ? ಹಾಗಿದ್ದರೆ ಆ ಸದ್ದು ಕಂಪ್ಯೂಟರ್ ಒಳಗೆ ಬಂದೇ ಇರಲಿಲ್ಲ, ಫೈಲಿಗೆ ಹೇಗೆ ಬರುತ್ತದೆ, ಅಲ್ವಾ? ಕೀಬೋರ್ಡಿನ ಸದ್ದನ್ನು ಕೇಬಲ್ ಹಾಕಿ ಆಡಿಯೊ ಆಗಿ ರೆಕಾರ್ಡ್ ಮಾಡಿ, ಅಥವಾ ಒಳಗಿನ ಸಿಂತ್‌ಗೆ ಬದಲಿಸಿ. ಕಾರ್ಯಕ್ರಮಕ್ಕೆ ಕೊಡುವ ಫೈಲನ್ನು ಮೊಬೈಲ್‌ಗೆ ಹಾಕಿ ಒಮ್ಮೆ ಪೂರ್ತಿ ಕೇಳದೆ ಕಳಿಸಬೇಡಿ.

## ಗುಂಯ್ ಅನ್ನುವ ಹಮ್, ಮುಟ್ಟಿದರೆ ಜುಮ್

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಹಮ್ ಹೋದರೆ ಅದು ವಿದ್ಯುತ್ತಿನ ಕಡೆಯಿಂದ ಬರುತ್ತಿದೆ. ಲ್ಯಾಪ್‌ಟಾಪ್, ಸ್ಪೀಕರ್, ಕೀಬೋರ್ಡ್ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಮ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿಯುವವರಿದ್ದಾರೆ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ. ಒಳಗೆ ಏನಾದರೂ ಕೆಟ್ಟಾಗ ನಿಮ್ಮ ಜೀವ ಉಳಿಸುವುದು ಆ ಅರ್ತ್ ಪಿನ್.

ಮೈಕಿಗೋ ಲ್ಯಾಪ್‌ಟಾಪಿನ ಲೋಹಕ್ಕೋ ಕೈ ತಾಗಿದಾಗ ಜುಮ್ ಅಂದರೆ ಹಾಡುವುದು ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ. ಹಳೆಯ ಮನೆಗಳಲ್ಲಿ, ಸಮುದಾಯ ಭವನಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಹಿಂದೆ ಅರ್ತ್ ತಂತಿ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ. ಸುಟ್ಟ ವಾಸನೆ, ಉಬ್ಬಿದ ಬ್ಯಾಟರಿ ಕಂಡರೂ ಅಷ್ಟೇ. ಅಲ್ಲಿಂದ ಮುಂದೆ ಅದು ಸಂಗೀತದ ವಿಷಯವಲ್ಲ.

ಆನ್ ಮಾಡುವಾಗ ಸ್ಪೀಕರ್ ಅಥವಾ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಅದೇ ಮೊದಲು. ಇಂಟರ್‌ಫೇಸ್‌ನ 48 ವೋಲ್ಟ್ ಗುಂಡಿ (ಮೈಕಿಗೆ ವಿದ್ಯುತ್ ಕೊಡುವುದು) ಆಫ್ ಮಾಡಿದ ಮೇಲೆ ಮೈಕಿನ ಕೇಬಲ್ ಕೀಳಿ.

## ಯಾವಾಗ ಬಿಟ್ಟು ಸಹಾಯ ಕೇಳಬೇಕು

ಡೆಮೊ ಹಾಡೂ ಕೆಟ್ಟಿದೆ, ಕಂಪ್ಯೂಟರ್ ಮರು ಶುರು ಮಾಡಿದ್ದೂ ಆಯಿತು ಅಂದರೆ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಮರಳಿಸುವ ಆಯ್ಕೆ ಪ್ರಿಫರೆನ್ಸಸ್‌ನಲ್ಲಿದೆ. ನಿಮ್ಮ ಈಗಿನ ಸೆಟ್ಟಿಂಗ್‌ಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಒತ್ತಿ. ಅದೂ ಫಲ ಕೊಡದಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡುವ ಮುಂಚೆ ನಿಮ್ಮ ಹಾಡುಗಳ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿ. ಕಾರ್ಯಕ್ರಮಕ್ಕೆ ಒಂದೇ ದಿನ ಉಳಿದಿದ್ದರೆ ಇನ್‌ಸ್ಟಾಲ್ ಗೊಡವೆಗೇ ಹೋಗಬೇಡಿ. ಕೆಟ್ಟ ಟ್ರ್ಯಾಕ್ ಮ್ಯೂಟ್ ಮಾಡಿ, ಉಳಿದದ್ದರಲ್ಲಿ ಹಾಡಿ.

ಸಹಾಯ ಕೇಳುವಾಗ "ಸಾರ್, ಏನೋ ಹಾಳಾಗಿದೆ, ಸ್ವಲ್ಪ ನೋಡಿ" ಅಂತ ಕಳಿಸಿದರೆ ಪಾಪ ಅವರೂ ಏನು ಮಾಡಬೇಕು? ಹೀಗೆ ಬರೆಯಿರಿ: "ಸಾರ್, ಡೆಮೊ ಹಾಡು ಸರಿಯಾಗಿದೆ. ನನ್ನ ಹಾಡಿನಲ್ಲಿ ಪಿಯಾನೋ ಮಾತ್ರ ತಡ, ಹೆಸರು ಹಳದಿ ಇದೆ. ತಡ ಮೊದಲಿನಿಂದ ಕೊನೆವರೆಗೂ ಅಷ್ಟೇ ಇದೆ, ಬೆಳೀತಿಲ್ಲ. ಸಿಂತ್ ಬದಲಿಸಿ ನೋಡಿದೆ, ಹಾಗೇ ಇದೆ. ವಿಂಡೋಸ್, ಬಫರ್ 512, ವೈರ್ ಹೆಡ್‌ಫೋನ್." ಜೊತೆಗೆ ಹಾಡಿನ ಫೈಲ್ ಮತ್ತು ಮಿಕ್ಸರ್ ಪೂರ್ತಿ ಕಾಣುವ ಒಂದು ಸ್ಕ್ರೀನ್‌ಶಾಟ್ ಇರಲಿ.